ಹಿನ್ನೆಲೆಯ ಕೆಂಪು

"ಹಕ್ಕಿ ಕಣ್ಣು ಶಾರ್ಪ್ ಇದ್ಯಾ, ಅಷ್ಟೇ ನೋಡು. ಇದ್ರೆ ಇಟ್ಕೋ. ಇಲ್ಲಾಂದ್ರೆ ಡಿಲೀಟ್. ಬೇರೆ ಏನೂ ನೋಡೋಕೆ ಹೋಗ್ಬೇಡ, ಟೈಂ ವೇಸ್ಟ್."

ಕೆಲಸಕ್ಕೆ ಸೇರಿದ ದಿನ ವೀರೇಶ್ ಸರ್ ಹೇಳಿಕೊಟ್ಟ ಪಾಠ ಇಷ್ಟೇ. ನನಗೆ ಅದು ಹಿಡಿಸಿತ್ತು. ಯಾರ ಜೊತೆಗೂ ಮಾತಾಡಬೇಕಾಗಿರಲಿಲ್ಲ. ಇಳಕಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿಕೊಂಡು ಬಂದವಳು ನಾನು. ನಾಲ್ಕು ಜನರ ಮುಂದೆ ನಿಂತರೆ ನನ್ನ ಗಂಟಲು ಕಟ್ಟುತ್ತದೆ. ಹೇಳಬೇಕೆಂದುಕೊಂಡದ್ದನ್ನೆಲ್ಲ ಮನೆಗೆ ಹೋಗಿ ಡೈರಿಯಲ್ಲಿ ಬರೆಯುತ್ತೇನೆ. ಅಂಥವಳಿಗೆ ಒಂದು ಸಣ್ಣ ಕೋಣೆ, ಒಂದು ಕಂಪ್ಯೂಟರು, ಪರದೆಯ ತುಂಬ ಹಕ್ಕಿಗಳು ಸಿಕ್ಕಿದ್ದವು.

ವೀರೇಶ್ ಸರ್ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಸಿಂಗಸಂದ್ರದ ಆಚೆ, ಕೆರೆಯ ದಂಡೆಗೇ ಎದ್ದಿರುವ ಅಪಾರ್ಟ್‌ಮೆಂಟಿನಲ್ಲಿ ಅವರ ಮನೆ. ದಿನಾ ಬೆಳಗಾಗುವಾಗ ಕೆರೆ ಏರಿಯ ಮೇಲೆ ಕ್ಯಾಮೆರಾ ಇಟ್ಟು ಹಕ್ಕಿಗಳ ಫೋಟೋ ತೆಗೆಯುತ್ತಿದ್ದರು. ಒಂದು ರೆಕ್ಕೆ ಬಡಿತಕ್ಕೆ ಕ್ಯಾಮೆರಾ ರಾಶಿ ಫೋಟೋ ಹೊಡೆಯುತ್ತದೆ. ಆ ರಾಶಿಯನ್ನು ಸೋಸುವುದು ನನ್ನ ಕೆಲಸ. ಒಳ್ಳೆಯದು ಉಳಿಯಬೇಕು, ಕೆಟ್ಟದ್ದು ಅಳಿಯಬೇಕು.

ಅವರ ಲೆನ್ಸು ನನ್ನ ತೋಳಿಗಿಂತ ದಪ್ಪ. ಆರುನೂರು ಎಂಎಂ ಜೂಮ್. ಆಚೆ ದಡದಲ್ಲಿ ಕೂತ ಮಿಡತೆಯ ಮೀಸೆ ಎಣಿಸಬಹುದು ಎಂದು ಹೇಳಿಕೊಳ್ಳುತ್ತಿದ್ದರು. ಹಕ್ಕಿ ಹೆದರದಿರಲಿ ಎಂದು ಲೆನ್ಸಿಗೆ ಎಲೆ ಬಣ್ಣದ ಅಂಗಿ ಹೊಲಿಸಿದ್ದರು. ಏರಿಯಿಂದ ಬಂದ ಕೂಡಲೇ ಮೆತ್ತನೆ ಬಟ್ಟೆಯಿಂದ ಅದರ ಮೈ ಒರೆಸುತ್ತಿದ್ದರು. "ಕೂಸು ಎತ್ಕೊಂಡಂಗೆ ಎತ್ಕೋಬೇಕು ಮಹಾನಂದಾ," ಎಂದು ಒಮ್ಮೆ ನನ್ನ ಕೈಗೆ ಕೊಟ್ಟರು. ಎತ್ತಿಕೊಂಡೆ.

ಆ ಮನೆಯಲ್ಲಿ ಮೂರು ಬಚ್ಚಲುಗಳಿದ್ದವು. ಮೊದಲ ದಿನ ಕೋಣೆಯ ಪಕ್ಕದ್ದಕ್ಕೆ ಹೋಗಿದ್ದೆ. ಮರುದಿನ ಅವರ ತಾಯಿ ಚನ್ನಬಸಮ್ಮ ನನ್ನ ಮುಂದೆ ಕುರ್ಚಿ ಹಾಕಿಕೊಂಡು ಕೂತರು.

"ನಮ್ಮ ಕಡೇ ಹುಡುಗಿ ಅಂತಲ್ಲವಾ ನೀನು! ಭಾಳ ಚಲೋ ಆತು. ನಿಮ್ದು ಊರಾಗ ಮನಿ ಎಲ್ಲಿ ಬರ್ತೈತಿ?"

"ಊರ ಹೊರಗರೀ."

ಅವರು ಸ್ವಲ್ಪ ಹೊತ್ತು ನನ್ನ ಕಾಲು ನೋಡಿದರು. ಮುಖದ ನಗು ಹಾಗೇ ಇತ್ತು.

"ಒಂದು ಮಾತು ಹೇಳ್ತೀನಿ, ತಪ್ಪ ತಿಳ್ಕೋಬ್ಯಾಡ. ಬಚ್ಚಲಕ್ಕ ಹೋಗೂದಿದ್ರ ಕೆಳಗ ಹೋಗಿ ಬಾ. ಬೇಸ್‌ಮೆಂಟಿನ್ಯಾಗ ಡ್ರೈವರ್ ಮಂದೀದು ಐತಿ."

ಅದಕ್ಕೆ ಬಾಗಿಲಿತ್ತು, ಚಿಲಕ ಇರಲಿಲ್ಲ. ಒಂದು ಕೈಯಲ್ಲಿ ಬಾಗಿಲು ಒತ್ತಿ ಹಿಡಿದು ಕೂರಬೇಕು. ನೆಲದ ಮೇಲೆ ಗುಟ್ಕಾ ಉಗುಳು, ಬೀಡಿ ತುಂಡು, ಯಾರದೋ ಉಚ್ಚೆ. ಹೊರಗೆ ಡ್ರೈವರುಗಳ ನಗು. ಮಧ್ಯಾಹ್ನದ ಹೊತ್ತಿಗೆ ನೀರು ಕುಡಿಯುವುದನ್ನೇ ಬಿಟ್ಟೆ. ಅವ್ವನ ಹಾಗೆ.

ನನ್ನವ್ವ ಮಲಕವ್ವ ಅದೇ ಅಪಾರ್ಟ್‌ಮೆಂಟಿನ ಕ್ಲಬ್ ಹೌಸಿನಲ್ಲಿ ಕಸ ಹೊಡೆಯುತ್ತಾಳೆ. ಮೊದಲು ಅಪ್ಪನ ಜೊತೆ ಸಿಮೆಂಟು ಹೊರುತ್ತಿದ್ದಳು. ಸೊಂಟ ಬಿದ್ದುಹೋದ ಮೇಲೆ ಈ ಕೆಲಸಕ್ಕೆ ಬಂದಳು. ಅಪ್ಪ ಯಮನಪ್ಪ ಇನ್ನೂ ಕಟ್ಟಡದ ಕಬ್ಬಿಣ ಬಗ್ಗಿಸುತ್ತಾನೆ. ಕ್ಲಬ್ ಹೌಸಿನ ಕಕ್ಕಸುಗಳನ್ನು ತೊಳೆಯುವವಳು ಅವ್ವ. ಬಿಳಿ ಬೇಸಿನ್ನು, ಬಿಸಿನೀರಿನ ನಲ್ಲಿ, ಹೂವಿನ ವಾಸನೆ. ಆ್ಯಸಿಡ್ಡಿಗೆ ಅವಳ ಬೆರಳ ತುದಿಗಳು ಬೆಳ್ಳಗಾಗಿ ಸುಲಿದುಹೋಗಿವೆ. ಆದರೆ ಒಂದು ದಿನವೂ ಒಳಗೆ ಕೂತವಳಲ್ಲ. ಹೌಸ್‌ಕೀಪಿಂಗಿನವರು ಅದನ್ನು ಬಳಸಬಾರದು ಎಂಬುದು ನಿಯಮ. ಸೂಪರ್‌ವೈಸರ್ ಅಶ್ವತ್ಥಮ್ಮ ಬಾಗಿಲಲ್ಲೇ ಕಾವಲಿರುತ್ತಾಳೆ.

ನಾವಿರುವುದು ಕೆರೆಯ ಆಚೆ ದಡದ ತಗಡಿನ ಶೆಡ್ಡುಗಳಲ್ಲಿ. ಕಂಟ್ರಾಕ್ಟರ್ ಕಟ್ಟಿಸಿದ ಎರಡು ಕಕ್ಕಸುಗಳಿವೆ. ಒಂದರ ಗುಂಡಿ ತುಂಬಿ ಬಾಗಿಲವರೆಗೆ ಹರಿದಿದೆ. ಇನ್ನೊಂದರ ಬಾಗಿಲನ್ನು ಯಾರೋ ಕಿತ್ತು ಒಲೆಗೆ ಹಾಕಿದ್ದಾರೆ. ಹೆಂಗಸರೆಲ್ಲ ಬೆಳಕು ಹರಿಯುವ ಹೊತ್ತಿಗೆ ಕೆರೆಯ ಅಂಚಿಗೆ ಹೋಗುತ್ತೇವೆ. ಅಲ್ಲಿ ಲಂಟಾನದ ಪೊದೆ ಆಳೆತ್ತರ ಬೆಳೆದಿತ್ತು. ಒಬ್ಬೊಬ್ಬರಿಗೂ ಒಂದೊಂದು ಸಂದು. ಮಾತಾಡಿಕೊಂಡು, ಒಬ್ಬರನ್ನೊಬ್ಬರು ಕಾಡಿಸಿಕೊಂಡು ಮುಗಿಸಿ ಬರುತ್ತಿದ್ದೆವು.

ಬೇಸಿಗೆ ಶುರುವಾಗುವ ಹೊತ್ತಿಗೆ, ಒಂದು ಬೆಳಗ್ಗೆ ಹೋಗಿ ನೋಡಿದರೆ ಪೊದೆ ಇರಲಿಲ್ಲ. ಬುಡಕ್ಕೇ ಕತ್ತರಿಸಿ ಒಂದು ಕಡೆ ಗುಡ್ಡೆ ಹಾಕಿದ್ದರು. ಚೆಂಬು ಹಿಡಿದುಕೊಂಡು ಎಲ್ಲರೂ ನಿಂತೆವು. ನೀರಿನ ಆಚೆ, ದೂರದ ಏರಿಯ ಮೇಲೆ, ಇರುವೆಗಳಷ್ಟು ಸಣ್ಣಗೆ ಮೂರು ನಾಲ್ಕು ಜನ ಕಾಣುತ್ತಿದ್ದರು.

"ಏನ ಮಾಡೂದಬೇ ಈಗ?" ಎಂದಳು ಪಕ್ಕದ ಶೆಡ್ಡಿನ ಹೆಂಗಸು.

"ಮಾಡೂದೇನು, ಕುಂದ್ರೂದು," ಎಂದಳು ಅವ್ವ. "ಅವರ ಮಾರಿ ನಮಗ ಕಾಣ್ತೈತೇನು? ಇಲ್ಲ. ಹಂಗಾದ್ರ ನಮ್ಮ ಮಾರಿ ಅವರಿಗೆ ಹೆಂಗ ಕಾಣ್ತೈತಿ? ಅಷ್ಟು ದೂರ ಅದಾರ. ಹಕ್ಕಿ ನೋಡಾಕ ಬಂದೋರು, ಹಕ್ಕಿ ನೋಡ್ಲಿ."

"ಮಲಕವ್ವಾ, ನಿನ್ನ ಫೋಟೋ ಪೇಪರಿನ್ಯಾಗ ಬರ್ತೈತಿ ನೋಡಲೇ!" ಎಂದಳು ಇನ್ನೊಬ್ಬಳು.

"ಬರ್ಲಿ ಬಿಡು. ಮದುವ್ಯಾಗೂ ಒಂದು ಫೋಟೋ ತೆಗಿಸಲಿಲ್ಲ ನಮ್ಮಪ್ಪ."

ನಕ್ಕೆವು. ನಾನೂ ನಕ್ಕೆ; ಮಿಡತೆ ಮೀಸೆಯ ಮಾತು ಆಗ ನನಗೆ ನೆನಪಾಗಲಿಲ್ಲ. ಅವ್ವ ತನ್ನ ಇಳಕಲ್ ಸೀರೆಯ ಕೆಂಪು ಸೆರಗನ್ನು ತಲೆಯ ಮೇಲಿಂದ ಇಳಿಬಿಟ್ಟು, ಮೈ ಮುಚ್ಚಿಕೊಂಡು ಕೂತಳು. ನಾವೂ ಕೂತೆವು. ನಮ್ಮ ಕಣ್ಣಿನ ಅಳತೆಯಲ್ಲಿ ಅವರು ದೂರ ಇದ್ದರು. ಪೊದೆ ಹೋದ ಮೇಲೆ ಆ ದೂರವೇ ನಮಗೆ ಉಳಿದ ಗೋಡೆ.

ಅದಾಗಿ ಕೆಲವು ವಾರಗಳಿಗೆ ನನ್ನ ಪರದೆಯ ಮೇಲೆ ಒಂದು ಮಿಂಚುಳ್ಳಿ ಬರತೊಡಗಿತು. ಕಪ್ಪು ಬಿಳಿ ಮೈ. ನೀರಿನಲ್ಲಿ ನೆಟ್ಟ ಕೋಲಿನ ತುದಿಯಲ್ಲಿ ಕೂತಿರುತ್ತಿತ್ತು. ಅದರ ಹಿಂದೆ ಒಂದು ಕೆಂಪು. ಅಂಚಿಲ್ಲದ, ಕರಗಿದ, ಮೆತ್ತನೆಯ ಕೆಂಪು. ಕೆಲವೊಮ್ಮೆ ಅದರ ಪಕ್ಕ ಒಂದಿಷ್ಟು ಹಳದಿ. ನಾನು ಹಕ್ಕಿಯ ಕಣ್ಣು ನೋಡಿದೆ. ಶಾರ್ಪ್ ಇದ್ದವನ್ನು ಇಟ್ಟುಕೊಂಡೆ. ಬೇರೇನೂ ನೋಡಲಿಲ್ಲ.

ಒಂದು ದಿನ ಲೆನ್ಸು ತಪ್ಪಿತ್ತು.

ಹಾಗೆ ಆಗುತ್ತಿರುತ್ತದೆ. ಲೆನ್ಸು ಮುಂದಿನ ಹಕ್ಕಿಯನ್ನು ಬಿಟ್ಟು ಹಿಂದಿರುವುದನ್ನು ಹಿಡಿದುಬಿಡುತ್ತದೆ. ಹಕ್ಕಿ ಮಸಿ ಬಳಿದಂತೆ ಮಸುಕಾಗಿ, ಹಿಂದಿನದೆಲ್ಲ ನಿಚ್ಚಳವಾಗುತ್ತದೆ. ಅಂಥವನ್ನು ಅಳಿಸಬೇಕು. ಅಳಿಸಲು ಬೆರಳು ಇಟ್ಟೆ.

ಕೆಂಪು ಸೆರಗು. ಸೆರಗಿನ ತುದಿಯಲ್ಲಿ ಬಾಚಣಿಗೆ ಹಲ್ಲಿನಂಥ ಬಿಳಿ ಗೆರೆಗಳು. ಬಿರಿದ ಹಿಮ್ಮಡಿ. ಎತ್ತಿದ ಸೀರೆ. ಬೆತ್ತಲೆ ತೊಡೆ. ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ ಮುಖ. ಉರಿಮೂತ್ರಕ್ಕೆ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ರೆಪ್ಪೆಗೂದಲನ್ನು ಎಣಿಸಬಹುದಿತ್ತು.

ಅವ್ವ.

ಪಕ್ಕದಲ್ಲಿ ಹಳದಿ ಚೂಡಿದಾರದ ಬೆನ್ನು. ಅದು ನಾನು.

ಬಾಯಿಗೆ ಕೈ ಒತ್ತಿಕೊಂಡು ಓಡಿದೆ. ಕೈ ಸಂದಿನಿಂದ ಹುಳಿ ನೀರು ಸೋರುತ್ತಿತ್ತು. ಮೂರು ಬಚ್ಚಲಿನ ಮನೆಯಿಂದ ಲಿಫ್ಟಿನಲ್ಲಿ ಬೇಸ್‌ಮೆಂಟಿಗೆ ಇಳಿದೆ. ಚಿಲಕವಿಲ್ಲದ ಬಾಗಿಲನ್ನು ಬೆನ್ನಿನಿಂದ ಒತ್ತಿ ಹಿಡಿದು, ಯಾರದೋ ಉಚ್ಚೆಯ ಮೇಲೆ ವಾಂತಿ ಮಾಡಿದೆ.

ಮೇಲೆ ಬಂದು ಹಳೆಯ ದಿನಗಳ ಫೋಟೋಗಳನ್ನು ತೆರೆದೆ. ಈ ಸಲ ಹಕ್ಕಿಯನ್ನು ಬಿಟ್ಟು ಉಳಿದುದನ್ನೆಲ್ಲ ನೋಡಿದೆ. ಮೊದಮೊದಲು ಕೋಲು ಎಡಕ್ಕಿತ್ತು. ಹಕ್ಕಿಯ ಹಿಂದೆ ಬರೀ ಮಬ್ಬು ಹಸಿರು. ಆಮೇಲೆ ಕೋಲು ಸ್ವಲ್ಪ ಬಲಕ್ಕೆ ಬಂತು. ಕೆಂಪಿನ ಒಂದು ತುಣುಕು ಮೂಲೆಯಲ್ಲಿ ಕಂಡಿತು. ಮತ್ತೂ ಬಲಕ್ಕೆ. ಕೊನೆಗೆ ಕೋಲು ಅಲ್ಲೇ ನಿಂತುಬಿಟ್ಟಿತು. ಹಕ್ಕಿಯ ನೇರ ಹಿಂದೆ ಅವ್ವ.

ಸಂಜೆ ವೀರೇಶ್ ಸರ್ ಕಾಫಿ ಹಿಡಿದು ಬಂದರು. ನನಗೂ ಒಂದು ಪೇಪರ್ ಲೋಟದಲ್ಲಿ ಕಾಫಿ ತಂದಿದ್ದರು. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು.

"ಸರ್, ಹಿಂದೆ ಕೆಂಪು..."

"ಸಖತ್ತಾಗಿದೆ ಅಲ್ವಾ!" ಅವರ ಮುಖ ಅರಳಿತು. "ಆ ಪೊದೆ ತೆಗೆಸಿದ್ಮೇಲೇ ಸಿಕ್ಕಿದ್ದು ನೋಡು. ನಮ್ಮ ಅಪಾರ್ಟ್‌ಮೆಂಟ್ ಕ್ಲಬ್ ಕಡೆಯಿಂದ ಆಳು ಕಳಿಸಿ ಕ್ಲೀನ್ ಮಾಡಿಸ್ದೆ. ದಿನಾ ಅದೇ ಟೈಮಿಗೆ ಆ ರೆಡ್ ಬರುತ್ತೆ. ಕರೆಕ್ಟಾಗಿ ಹಿಂದೆ ಬೀಳಲಿ ಅಂತ ನಾನೇ ನೀರಿಗಿಳಿದು ಕೋಲು ಸರಿಸಿದೀನಿ ಗೊತ್ತಾ?"

"ಅದು ಹೆಂಗಸರು ಸರ್."

ಅವರು ಕಾಫಿ ಗುಟುಕರಿಸಿದರು. ಬೆಚ್ಚಲಿಲ್ಲ.

"ಗೊತ್ತು ಮಹಾನಂದಾ. ನಾನೇನ್ ಅಂಥವನಾ? ನೀನೇ ನೋಡು, ಇದ್ರಲ್ಲಿ ಯಾರಾದ್ರೂ ಕಾಣ್ತಾರಾ? ಬರೀ ಬಣ್ಣ. ಆರುನೂರರಲ್ಲಿ ಹಿಂದಿರೋದೆಲ್ಲ ಬೆಣ್ಣೆ ಥರ ಕರಗಿಹೋಗುತ್ತೆ. ಅದೇ ಅದರ ಬ್ಯೂಟಿ." ಪರದೆ ಕಡೆ ಬಾಗಿದರು. "ಫೋಕಸ್ ಮಿಸ್ ಆಗಿರೋವು ಇದ್ರೆ ಡಿಲೀಟ್ ಮಾಡ್ಬಿಡು. ಅವನ್ನ ನೋಡೋಕಾಗಲ್ಲ, ಅಸಹ್ಯ."

ಅಸಹ್ಯ ಎಂದರು. ಅವ್ವನ ಮುಖ ಕಂಡರೆ ಅಸಹ್ಯ. ಮುಖ ಕರಗಿ ಬಣ್ಣವಾದರೆ ಬ್ಯೂಟಿ.

ಆ ಫೋಟೋಗಳನ್ನು ನಾನೇ ಹುಡುಕಿ ಹುಡುಕಿ ಅಳಿಸಿದೆ. ಅವರು ಹೇಳಿದ್ದಕ್ಕಲ್ಲ. ಇನ್ನೊಬ್ಬರ ಕಣ್ಣಿಗೆ ಅವ್ವ ಹಾಗೆ ಬೀಳಬಾರದು. ಅಳಿಸಿದ ಮೇಲೆ ತೋರಿಸಲು ನನ್ನ ಹತ್ತಿರ ಏನೂ ಉಳಿಯಲಿಲ್ಲ. ನನ್ನ ಬಾಯಿ ಮಾತ್ರ ಉಳಿಯಿತು. ಅದೂ ಎಂಥ ಬಾಯಿ.

ಅವ್ವನಿಗೆ ಹೇಳಿದೆ. ಅವಳು ಶೆಡ್ಡಿನ ಮುಂದೆ ಕೂತು ಕಾಲಿನ ಬಿರುಕಿಗೆ ಎಣ್ಣೆ ಸವರುತ್ತಿದ್ದಳು.

"ಅಷ್ಟು ದೂರದಿಂದ?" ಎಂದಳು.

"ಅವರ ಯಂತ್ರಕ್ಕ ದೂರ ಅನ್ನೂದ ಇಲ್ಲವ್ವಾ."

ಅವಳ ಕೈ ನಿಂತಿತು. ಕೆರೆಯ ಕಡೆ ನೋಡಿದಳು. ತನ್ನ ಸೆರಗು ನೋಡಿಕೊಂಡಳು. ಆಮೇಲೆ ಕೇಳಿದಳು, "ನನ್ನ ಮಾರಿ ಕಾಣ್ತೈತೇನು?"

"ಇಲ್ಲ. ಕಾಣೂವು ಎಲ್ಲಾ ತಗದ ಹಾಕೀನಿ."

"ಹಂಗಾದ್ರ ಸುಮ್ನಿರು. ನಿಮ್ಮಪ್ಪಗ ಹೇಳಬ್ಯಾಡ, ಕಬ್ಬಿಣ ಹಿಡಕೊಂಡು ಹೋಗ್ತಾನ. ಬಾಯಿ ಬಿಟ್ರ ನಿನ್ನ ಕೆಲಸಾನೂ ಹೊಕ್ಕೈತಿ, ನಂದೂ ಹೊಕ್ಕೈತಿ. ನಾಕ ಮಂದ್ಯಾಗ ನನ್ನ ಬತ್ತಲಿ ಮಾಡಬ್ಯಾಡ ಮಗಳ."

ಇಳಕಲ್ ಸೀರೆಯನ್ನು ಮಡಚಿ ಟ್ರಂಕಿನ ತಳಕ್ಕೆ ಹಾಕಿದಳು. ಬೆಳಕಿನ ಸುಳಿವಿರುವಾಗ ಕೆರೆಗೆ ಹೋಗುವುದನ್ನು ಬಿಟ್ಟಳು. ಕತ್ತಲಿದ್ದಾಗ ಎದ್ದರೆ ಹೋಗುತ್ತಿದ್ದಳು. ಇಲ್ಲದಿದ್ದರೆ ಇಡೀ ದಿನ ತಡೆದುಕೊಳ್ಳುತ್ತಿದ್ದಳು. ನೀರು ಕುಡಿಯಲಿಲ್ಲ. ಕಾಲು ಬಾತವು. ಉರಿ ಹೆಚ್ಚಾಯಿತು. ಬಕೆಟ್ಟು ಎತ್ತುವಾಗ ಹೊಟ್ಟೆ ಒತ್ತಿ ಹಿಡಿದುಕೊಳ್ಳುವುದನ್ನು ನೋಡಿದೆ.

ಆ ವಾರ ವೀರೇಶ್ ಸರ್ ದಿನಾ ಸಿಡುಕುತ್ತಿದ್ದರು. "ಇವತ್ತೂ ರೆಡ್ ಬರ್ಲಿಲ್ಲ ಮಾರಾಯ್ತಿ. ಹಕ್ಕಿ ಬಂದು ಕೂತಿತ್ತು, ರೆಡ್ಡೇ ಇಲ್ಲ. ಬೆಳಗ್ಗೆ ಎದ್ದಿದ್ದೇ ದಂಡ."

ನಾನು ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ.

ಆ ಭಾನುವಾರ ಕ್ಲಬ್ ಹೌಸಿನಲ್ಲಿ ಫೋಟೋ ಪ್ರದರ್ಶನ ಇಟ್ಟಿದ್ದರು. ನನ್ನನ್ನೂ ಕೆಲಸಕ್ಕೆ ಕರೆದಿದ್ದರು. ಕೆರೆ ಉಳಿಸುವುದಕ್ಕೆ ಎಂದರು. ಶೆಡ್ಡುಗಳ ಕಡೆಯ ದಡಕ್ಕೆ ಪೂರ್ತಿ ತಂತಿಬೇಲಿ ಹಾಕಿಸಬೇಕು, ಅಲ್ಲಿ ಮನುಷ್ಯರ ಕಾಟದಿಂದ ಹಕ್ಕಿಗಳಿಗೆ ತೊಂದರೆಯಾಗುತ್ತಿದೆ ಎಂದರು. ಅದಕ್ಕೆ ಎಲ್ಲರ ಸಹಿ ಬೇಕಿತ್ತು. ಬಾಗಿಲ ಎದುರಿನ ಗೋಡೆಯಲ್ಲಿ ಆಳೆತ್ತರದ ಚೌಕಟ್ಟು ನೇತುಹಾಕಿದ್ದರು. ಮಿಂಚುಳ್ಳಿ. ಹಿಂದೆ ಕೆಂಪು. ಗೋಡೆಯ ತುಂಬ ನನ್ನವ್ವ ಕೂತಿದ್ದಳು.

ಆ ಬೆಳಗ್ಗೆ ವೀರೇಶ್ ಸರ್ ತಮ್ಮಿಂದ ಫೋಟೋ ತೆಗೆಯುವುದನ್ನು ಕಲಿಯಲು ಬಂದವರನ್ನೆಲ್ಲ ಏರಿಯ ಮೇಲೆ ನಿಲ್ಲಿಸಿದ್ದರು. ಸಾಲಿಗೆ ಲೆನ್ಸುಗಳು. ಕತ್ತಲಿರುವಾಗಲೇ ಬಂದು ನಿಂತಿದ್ದರು. ಅವ್ವ ಚೆಂಬು ಹಿಡಿದು ಹೊರಗೆ ಬಂದು, ನೋಡಿ, ಹಾಗೇ ಒಳಗೆ ಹೋದಳು. ನೀಲಿ ಯೂನಿಫಾರ್ಮ್ ಸೀರೆ ಉಟ್ಟು ಕೆಲಸಕ್ಕೆ ನಡೆದಳು. ಈಗ ಆ ಚೌಕಟ್ಟಿನ ಕೆಳಗೇ ಮಾಪ್ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ. ಮೇಲ್ದುಟಿಯ ಮೇಲೆ ಬೆವರು ನಿಂತಿತ್ತು.

ಜನ ತುಂಬಿದರು. ಕೈಯಲ್ಲಿ ಸಮೋಸದ ತಟ್ಟೆ, ಜ್ಯೂಸಿನ ಗ್ಲಾಸು. ಕ್ಲಬ್ಬಿನ ಕಾರ್ಯದರ್ಶಿ ರಕ್ಷಿತಾ ಚೌಕಟ್ಟಿನ ಮುಂದೆ ನಿಂತು ಬಾಯಿ ತೆರೆದಳು.

"ವೀರೇಶ್, ಏನ್ರೀ ಇದು ಕಲರ್! ಹಕ್ಕಿ ಇರ್ಲಿ, ಹಿಂದೆ ಆ ರೆಡ್ ಏನು? ಗುಲ್‌ಮೊಹರಾ?"

"ಗೆಸ್ ಮಾಡಿ," ಎಂದು ನಕ್ಕರು ವೀರೇಶ್ ಸರ್.

"ಸೂರ್ಯ?" ಎಂದರು ಯಾರೋ. "ತಾವರೆ," ಎಂದರು ಇನ್ನೊಬ್ಬರು.

"ಟ್ರೇಡ್ ಸೀಕ್ರೆಟ್ ಕಣ್ರೀ. ನಮ್ಮ ಮಹಾನಂದಾನ ಕೇಳಿ, ಅವಳಿಗೆ ಗೊತ್ತು. ಬಾ ಮುಂದೆ, ನಾಚ್ಕೋಬೇಡ. ಇವಳು ಬಾಯೇ ಬಿಡಲ್ಲ. ಸೀಕ್ರೆಟ್ ಸೇಫ್!"

ಎಲ್ಲರೂ ನಕ್ಕು ನನ್ನ ಕಡೆ ತಿರುಗಿದರು. ಅವ್ವನ ಕಡೆ ನೋಡಿದೆ. ಅವಳು ಮಾಪಿನ ಕೋಲಿಗೆ ಒರಗಿ ನಿಂತಿದ್ದಳು. ತೊಡೆಗಳನ್ನು ಬಿಗಿಯಾಗಿ ಒತ್ತಿಕೊಂಡಿದ್ದಳು. ತುಟಿ ಕಚ್ಚಿದ್ದಳು. ಪರದೆಯ ಮೇಲೆ ಕಂಡ ಮುಖ ಅದೇ. ನನಗೆ ಬೇಡ ಎಂಬಂತೆ ಸಣ್ಣಗೆ ತಲೆ ಅಲ್ಲಾಡಿಸಿದಳು.

ಇವತ್ತು ಈ ಜನ ಸಹಿ ಹಾಕುತ್ತಾರೆ. ನಾಳೆ ಬೇಲಿ ಬರುತ್ತದೆ. ಅವ್ವ ಎಲ್ಲಿ ಹೋಗಿ ಕೂರಬೇಕು?

"ಅದು ಸೆರಗು," ಎಂದೆ.

"ಏನಮ್ಮಾ? ಜೋರಾಗಿ ಹೇಳು."

"ಸೆರಗು. ಇಳಕಲ್ ಸೀರೀದು. ನಮ್ಮವ್ವ ಅದು. ಕೆರಿ ದಂಡ್ಯಾಗ ಕಕ್ಕಸಕ್ಕ ಕುಂತಾಳ."

ಯಾರೋ ನಕ್ಕರು. ಮತ್ತೆ ಯಾರೂ ನಗಲಿಲ್ಲ. ರಕ್ಷಿತಾ ಸಮೋಸ ಕಚ್ಚಿದ್ದಳು. ಅಗಿಯುವುದನ್ನು ನಿಲ್ಲಿಸಿದಳು.

"ಮಹಾನಂದಾ," ಎಂದರು ವೀರೇಶ್ ಸರ್. ಮುಖದ ಮೇಲೆ ನಗು ಇನ್ನೂ ಅಂಟಿತ್ತು. "ಜೋಕ್ ಮಾಡ್ತಿದಾಳೆ..."

"ಪೊದಿ ಕಡಿಸಿದ್ದು ನೀವು." ನನ್ನ ಊರ ಮಾತೇ ಬಾಯಿಗೆ ಬರುತ್ತಿತ್ತು. "ನಮಗ ಮರೆ ಅನ್ನೂದು ಅದೊಂದ ಇತ್ತು. ಅದನ್ನ ಕಡಿಸಿ, ಕೋಲು ಸರಿಸಿ ಸರಿಸಿ ನಮ್ಮವ್ವನ್ನ ಹಕ್ಕಿ ಹಿಂದಕ್ಕ ತಂದು ನಿಲ್ಲಿಸಿದ್ರಿ. ಆಕಿ ಬರಲಿಲ್ಲಂದ್ರ ರೆಡ್ ಬರಲಿಲ್ಲ ಅಂತ ಸಿಟ್ಟ ಮಾಡಿದ್ರಿ. ನಿಮ್ಮ ಲೆನ್ಸಿಗೆ ಅಂಗಿ ಹೊಲಿಸೀರಿ. ನಮ್ಮನ್ನ ಬತ್ತಲಿ ಮಾಡೀರಿ."

"ಪ್ರೂಫ್ ಏನಿದೆ? ಯಾರ ಮುಖ ಕಾಣ್ತಿದೆ ಇದ್ರಲ್ಲಿ?"

"ನಾನ ಅದು."

ಹಿಂದಿನಿಂದ ಬಂದ ದನಿ. ಮಾಪಿನ ಕೋಲನ್ನು ಗೋಡೆಗೆ ಆನಿಸಿ ಅವ್ವ ಮುಂದೆ ಬಂದಳು. ಜನ ದಾರಿ ಬಿಟ್ಟರು. ಗೌರವಕ್ಕಲ್ಲ. ಅವಳ ಮೈ ತಾಕೀತು ಎಂದು. ಅವಳು ಮೊದಲ ಸಲ ತಲೆ ಎತ್ತಿ ಚೌಕಟ್ಟು ನೋಡಿದಳು. ತುಂಬ ಹೊತ್ತು ನೋಡಿದಳು.

"ಹಕ್ಕಿ ಚಂದ ಬಂದೈತಿ," ಎಂದಳು. ಆಮೇಲೆ ಎಲ್ಲರ ಕಡೆ ತಿರುಗಿದಳು. "ಇವತ್ತ ಮುಂಜಾನಿ ನೀವೆಲ್ಲಾ ಏರಿ ಮ್ಯಾಲ ನಿಂತಿದ್ರಿ. ನನಗ ಹೋಗಾಕ ಆಗಲಿಲ್ಲ. ಅವಾಗಿನಿಂದ ತಡಕೊಂಡೀನಿ. ಈಗ ಹೋಗಬೇಕು."

ನಡೆದಳು. ಬಾಗಿಲ ಕಡೆಗಲ್ಲ, ಒಳಗೆ. ಹೆಂಗಸಿನ ಚಿತ್ರ ಅಂಟಿಸಿದ, ದಿನಾ ತಾನೇ ತೊಳೆಯುವ ಬಾಗಿಲ ಕಡೆಗೆ.

"ಏಯ್ ಮಲಕವ್ವ! ಎಲ್ಲಿಗೇ?" ಅಶ್ವತ್ಥಮ್ಮ ಓಡಿ ಬಂದಳು. "ಗೆಸ್ಟ್‌ಗಳದ್ದು ಕಣೇ ಅದು! ಕೆಲ್ಸ ಬೇಕೋ ಬ್ಯಾಡ್ವೋ ನಿಂಗೆ?"

ಅವ್ವ ಒಳಗೆ ಹೋದಳು. ಬಾಗಿಲು ಮುಚ್ಚಿತು.

ಚಿಲಕ ಬಿದ್ದ ಸದ್ದು ಕೇಳಿಸಿತು.

ನಾನು ಹೋಗಿ ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಅಶ್ವತ್ಥಮ್ಮ ನನ್ನ ತೋಳು ಹಿಡಿದು ಎಳೆದಳು. ಕದಲಲಿಲ್ಲ. ಸೆಕ್ಯೂರಿಟಿಯನ್ನು ಕರೆಯಿರಿ ಎಂದರು ಯಾರೋ. ಮಕ್ಕಳಿದ್ದಾರೆ ಇಲ್ಲಿ, ಇದೆಲ್ಲ ಏನು ಎಂದರು ಇನ್ನೊಬ್ಬರು. ಚನ್ನಬಸಮ್ಮ ಮೂಗಿಗೆ ಸೆರಗು ಹಿಡಿದುಕೊಂಡಿದ್ದರು. ವೀರೇಶ್ ಸರ್ ನನ್ನ ಮುಖದ ಹತ್ತಿರಕ್ಕೆ ಬಂದರು. ಕಾಫಿಯ ವಾಸನೆ.

"ಆಚೆ ಕರಿ ಅವಳನ್ನ. ಈಗ್ಲೇ. ನಾಳೆಯಿಂದ ನೀನೂ ಬರ್ಬೇಡ, ಅವಳೂ ಬರೋದ್ ಬೇಡ."

"ಬರೂದಿಲ್ಲ," ಎಂದೆ. "ಆದ್ರ ಈಗ ಕಾಯ್ರಿ."

"ವಾಟ್?"

"ಒಂದು ಹಕ್ಕಿ ಸಲುವಾಗಿ ತಾಸುಗಟ್ಟಲೆ ಕಾಯ್ತೀರಲ್ಲ. ನಿಂತು ಕಾಯ್ರಿ."

ಅವರು ನಿಂತರು. ಎಲ್ಲರೂ ನಿಂತರು. ತಟ್ಟೆಯಲ್ಲಿ ಸಮೋಸ ತಣ್ಣಗಾದವು. ನನ್ನ ಬೆನ್ನ ಹಿಂದೆ ಮರದ ಬಾಗಿಲು. ಅದರ ಹಿಂದೆ ಅವ್ವ. ಒಮ್ಮೆ ನರಳಿದಳು. ಆಮೇಲೆ ನಲ್ಲಿ ತಿರುಗಿಸಿದಳು. ನೀರು ಬೀಳತೊಡಗಿತು.

ಅವ್ವ ಅವಸರ ಮಾಡಲಿಲ್ಲ.